ಕಡವಿನೂರಿನ ದೋಣಿ

ಹರಿಯಣ್ಣ ಮಂತ್ರಿಯಾದ ಮೇಲೂ ಗುರು ಸಂಗಮಯ್ಯನವರ ಆಶ್ರಮಕ್ಕೆ ನಡೆದೇ ಬರುತ್ತಿದ್ದ. ಆ ಸಲ ಬಂದವನು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತ.

“ಏನಾಯ್ತು?” ಎಂದರು ಗುರುಗಳು.

“ಹೊಸದೇನೂ ಹುಟ್ಟುತ್ತಿಲ್ಲ, ಗುರುಗಳೇ.”

ನಾಡಿನಲ್ಲಿ ಹೊಸ ಹೊಸ ಕಸುಬು, ಹೊಸ ಹೊಸ ಸಲಕರಣೆ ಹುಟ್ಟಬೇಕೆಂಬುದು ಅರಸನ ಆಸೆ. ಅದರ ಹೊಣೆ ಹರಿಯಣ್ಣನದು. ನಾಲ್ಕು ದಿಕ್ಕಿನ ಜಾಣರು ಒಂದೇ ಕಡೆ ಸೇರಿದರೆ ಹೊಸದು ತಾನಾಗಿ ಹುಟ್ಟುತ್ತದೆ ಎಂದು ಅವನು ನಂಬಿದ್ದ. ಊರೂರಿನ ಒಳ್ಳೆಯ ಬಡಗಿ, ಕಮ್ಮಾರ, ನೇಕಾರರನ್ನೆಲ್ಲ ರಾಜಧಾನಿಗೆ ಕರೆಸಿ, ಅವರಿಗೆಂದೇ ಒಂದು ಕೇರಿ ಕಟ್ಟಿಸಿದ್ದ.

ಮೊದಮೊದಲು ಕೇರಿ ಗಿಜಿಗುಡುತ್ತಿತ್ತು. ಈಗ ಅರಮನೆಯ ಆಟಿಕೆ, ಅಲಂಕಾರ ಬಿಟ್ಟರೆ ಅಲ್ಲಿ ಬೇರೇನೂ ತಯಾರಾಗುತ್ತಿರಲಿಲ್ಲ.

“ಕಡವಿನೂರಿನಿಂದ ದೋಣಿ ಕಟ್ಟುವ ತಿಪ್ಪೋಜನನ್ನು ಕರೆದೊಯ್ದೆಯಲ್ಲ, ಅವನು ಏನು ಮಾಡುತ್ತಿದ್ದಾನೆ?”

“ರಾಣಿಯರ ಕೊಳಕ್ಕೆ ಹಂಸದ ದೋಣಿ ಕಟ್ಟುತ್ತಾನೆ. ಎಲ್ಲವೂ ಒಂದೇ ಥರ. ಊರಲ್ಲಿದ್ದಾಗ ವರ್ಷಕ್ಕೊಂದು ಹೊಸ ಬಗೆ ತೆಗೆಯುತ್ತಿದ್ದನಂತೆ.”

“ಊರಲ್ಲಿ ಅವನಿಗೆ ಹೇಳಿಕೊಟ್ಟವರು ಯಾರು?”

“ಯಾರೂ ಇಲ್ಲ. ಅಂಬಿಗರು ಬೈಯುತ್ತಿದ್ದರಂತೆ, ಅಷ್ಟೇ. ದೋಣಿಯ ಮೂತಿ ಎಡಕ್ಕೆ ಎಳೆಯುತ್ತೆ, ಸುಳಿಯಲ್ಲಿ ಮಾತು ಕೇಳೋದಿಲ್ಲ ಅಂತ.”

“ಕೊಳದಲ್ಲಿ?”

“ಕೊಳದಲ್ಲಿ ಯಾರು ಬೈತಾರೆ, ಗುರುಗಳೇ? ಎಲ್ಲರೂ ಹೊಗಳುತ್ತಾರೆ.”

ಗುರುಗಳು ಎದ್ದು ಮೇಲುವಸ್ತ್ರ ಹೊದ್ದರು. “ಬಾ.”

ಕಡವಿನೂರು ತಲುಪುವಾಗ ಹೊತ್ತು ಇಳಿದಿತ್ತು. ಕುಲುಮೆಯಲ್ಲಿ ಬೂದಿಯೂ ಇರಲಿಲ್ಲ. ಮಗ್ಗದ ಗುಂಡಿಗಳಲ್ಲಿ ಕಳೆ ಎದ್ದಿತ್ತು. ಹೊಳೆಯ ದಡದಲ್ಲಿ ಒಬ್ಬಳೇ ಹೆಂಗಸು ಬಟ್ಟೆ ಒಗೆಯುತ್ತಿದ್ದಳು.

“ಆಚೆ ದಡಕ್ಕೆ ದೋಣಿ ಇಲ್ವೇನಮ್ಮಾ?” ಹರಿಯಣ್ಣ ಕೇಳಿದ.

“ಎಲ್ಲಿಯ ದೋಣಿ, ಸ್ವಾಮಿ. ತಿಪ್ಪೋಜಣ್ಣ ರಾಜಧಾನಿಗೆ ಹೋದ ಮೇಲೆ ಒಡೆದ ಹಲಗೆ ಬದಲಿಸೋರೇ ಇರಲಿಲ್ಲ. ಬಿರುಕಿಗೆ ಹಳೇ ಬಟ್ಟೆ ತುರುಕಿ ನಡೆಸ್ತಿದ್ರು. ಹೋದ ಮಳೆಗಾಲ ನಡುಹೊಳೆಯಲ್ಲಿ ಮುಳುಗಿತು. ಹುಟ್ಟು ಹಾಕ್ತಿದ್ದವನು ನನ್ನ ಗಂಡ.”

ಅವಳು ಬಟ್ಟೆ ಜಾಲಿಸಿದಳು.

“ಆಮೇಲೆ ಹೊಳೆ ದಾಟೋ ದಾರಿಯಿಲ್ಲದೆ ಊರಿನವರು ಒಬ್ಬೊಬ್ಬರೇ ಗುಳೆ ಎದ್ರು. ಹೋಗೋಕೆ ಜಾಗ ಇಲ್ಲದ ನಾವು ನಾಲ್ಕು ಜನ ಉಳಕೊಂಡ್ವಿ.”

ಹರಿಯಣ್ಣ ಗುರುಗಳ ಮುಖ ನೋಡಿದ. ಅವರು ಹೊಳೆಯನ್ನು ನೋಡುತ್ತಿದ್ದರು.

“ತಿಪ್ಪೋಜನನ್ನು ಕರೆಸಿಕೊಂಡವನು ನಾನೇ, ತಾಯಿ.”

ಅವಳ ಕೈ ನಿಂತಿತು. ಅವನನ್ನೇ ದಿಟ್ಟಿಸಿದಳು.

“ಅಣ್ಣ ಚೆನ್ನಾಗಿದಾನಾ?”

ಹರಿಯಣ್ಣ ಹೌದೆಂಬಂತೆ ತಲೆಯಾಡಿಸಿದ.

“ದೋಣಿ ಮುಳುಗಿದ್ದು ಅವನಿಗೆ ಹೇಳಬೇಡಿ, ಸ್ವಾಮಿ. ತಡ್ಕೊಳ್ಳೋದಿಲ್ಲ.”

ಒದ್ದೆ ಬಟ್ಟೆಯ ಗಂಟು ಹೆಗಲಿಗೇರಿಸಿ ಅವಳು ದಡ ಹತ್ತಿ ಹೋದಳು.

ಹಿಂದಿರುಗುವ ದಾರಿಯಲ್ಲಿ ಹರಿಯಣ್ಣ ಕಣ್ಣೊರೆಸಿಕೊಳ್ಳುತ್ತಲೇ ನಡೆದ. ಊರಿನ ಗಡಿಯಲ್ಲಿ ಗುರುಗಳ ಕಡೆ ತಿರುಗಿದ.

“ನಾಳೆಯೇ ಆ ಕೇರಿ ಮುಚ್ಚಿಸ್ತೇನೆ, ಗುರುಗಳೇ. ಒಬ್ಬೊಬ್ಬರನ್ನೂ ಅವರವರ ಊರಿಗೆ ಕಳಿಸಿಬಿಡ್ತೇನೆ.”

ಗುರುಗಳು ನಿಂತರು.

“ಯಾವ ಊರಿಗೆ?”