ಎರಡು ಹೆಸರಿನ ಗೊಂಬೆ

ಶಿಷ್ಯ ಕೇಳಿದ: "ಗುರುಗಳೇ, ನಾನು ಕಪ್ಪು ಬಣ್ಣ ಹಚ್ಚಿದ್ದು ಎರಡನೆಯ ಕುದುರೆಗೆ. ಮೊದಲನೆಯದು ಹೇಗೆ ಕಪ್ಪಾಯಿತು?"

ಅವನು ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದ. ಕಂಪ್ಯೂಟರಿನಲ್ಲಿ ಕುದುರೆ ಓಟದ ಆಟವೊಂದನ್ನು ಕಟ್ಟುತ್ತಿದ್ದ. ಕಷ್ಟಪಟ್ಟು ಒಂದು ಬಿಳಿ ಕುದುರೆ ಮಾಡಿ ಅದಕ್ಕೆ 'ಧವಳ' ಎಂದು ಹೆಸರಿಟ್ಟಿದ್ದ. ಇನ್ನೊಂದು ಬೇಕಾದಾಗ 'ಕಾಳ' ಎಂದು ಬರೆದು, ಸಮ ಚಿಹ್ನೆ ಹಾಕಿ, ಅದರ ಮುಂದೆ 'ಧವಳ' ಎಂದು ಬರೆದ. ಆಮೇಲೆ ಕಾಳನಿಗೆ ಕಪ್ಪು ಬಣ್ಣ ಹಚ್ಚಿದ. ಧವಳನೂ ಕಪ್ಪಾಗಿ ನಿಂತಿದ್ದ. ಧವಳನನ್ನು ತಾನು ಮುಟ್ಟಲೇ ಇಲ್ಲವೆಂದು ಅವನು ಆಣೆ ಇಟ್ಟ.

ಗುರುಗಳು ನಕ್ಕರು. ಆಣೆ ಬೇಡ, ನಂಬಿದ್ದೇನೆ, ಇದೇ ಆಣೆ ಇಟ್ಟ ಇನ್ನೊಬ್ಬನನ್ನೂ ನಾನು ಬಲ್ಲೆ ಎಂದು ಕತೆ ಶುರುಮಾಡಿದರು.

ತೊಗಲುಗೊಂಬೆ ಆಡಿಸುವ ಅಣ್ಣ ತಮ್ಮಂದಿರಿದ್ದರು. ಅಪ್ಪ ಸತ್ತಿದ್ದ. ಅವನು ಕೊರೆದ ಗೊಂಬೆಗಳಲ್ಲಿ ಉಳಿದದ್ದು ಒಂದೇ. ಅಣ್ಣನ ಆಟದಲ್ಲಿ ಅದು ರಾಜಕುಮಾರ. ಕೊನೆಯಲ್ಲಿ ಬಿಲ್ಲು ಎತ್ತಿ ಊರನ್ನು ಉಳಿಸುವವನು.

ತಮ್ಮನೂ ತನ್ನದೊಂದು ಆಟ ಕಟ್ಟಿದ. ಅದಕ್ಕೊಬ್ಬ ಮದುಮಗ ಬೇಕಿತ್ತು. ಅಣ್ಣನನ್ನು ಕೇಳಿದ. ಅಣ್ಣ ದೊಡ್ಡ ಮನಸ್ಸಿನವನು. ನನ್ನ ರಾಜಕುಮಾರನೇ ಇನ್ನು ಮೇಲೆ ನಿನ್ನ ಮದುಮಗ ಎಂದುಬಿಟ್ಟ. ತಮ್ಮ ಹಿಗ್ಗಿದ. ಮೇಳದಲ್ಲಿ ಒಂದು ಗೊಂಬೆ ಹೆಚ್ಚಾಯಿತೆಂದು ಊರೆಲ್ಲ ಹೇಳಿಕೊಂಡು ಬಂದ. ಪೆಟ್ಟಿಗೆ ಮಾತ್ರ ಮೊದಲಿನಷ್ಟೇ ಹಗುರವಾಗಿತ್ತು. ಅದನ್ನು ಹೊರುತ್ತಿದ್ದವನು ಅಣ್ಣ, ಹಾಗಾಗಿ ತಮ್ಮನಿಗೆ ತಿಳಿಯಲಿಲ್ಲ.

ತಮ್ಮನ ಆಟದಲ್ಲಿ ಕಳ್ಳರು ಮದುಮಗನ ಕೈ ಕಡಿಯುತ್ತಾರೆ. ಕಡಿದ ಹಾಗೆ ತೋರಿಸಿದರೆ ಸಾಕಿತ್ತು. ಅವನಿಗೆ ಅಷ್ಟು ಸಾಲಲಿಲ್ಲ. ಜನ ನೋಡುತ್ತಿದ್ದಂತೆ ಉಳಿಯಿಂದ ನಿಜವಾಗಿ ಕತ್ತರಿಸಿಬಿಟ್ಟ. ಪರದೆಯ ಮೇಲೆ ಕೈ ಬಿದ್ದಾಗ ಹೆಂಗಸರು ಅತ್ತರು. ಹಿಗ್ಗಿನಿಂದ ತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣ್ಣ ಆ ರಾತ್ರಿ ಅಲ್ಲಿರಲಿಲ್ಲ.

ಮುಂದಿನ ಊರಿನಲ್ಲಿ ಅಣ್ಣನ ಆಟ. ಬಿಲ್ಲು ಎತ್ತುವ ಹೊತ್ತಿಗೆ ಅಣ್ಣ ಪೆಟ್ಟಿಗೆಗೆ ಕೈ ಹಾಕಿ ರಾಜಕುಮಾರನನ್ನು ಪರದೆಗೆ ತಂದ. ಬಿಲ್ಲು ಹಿಡಿಯಲು ಕೈಯೇ ಇರಲಿಲ್ಲ. ಜನ ಹೊಟ್ಟೆ ಹಿಡಿದು ನಕ್ಕರು. ಅಪ್ಪನ ಗೊಂಬೆಯನ್ನು ನೋಡಿ ಊರು ನಕ್ಕದ್ದು ಅದೇ ಮೊದಲು. ಅಣ್ಣ ದೀಪ ಆರಿಸಿ ತಮ್ಮನ ಬಳಿಗೆ ಬಂದ.

"ನನ್ನ ರಾಜಕುಮಾರನ ಕೈ ಏನು ಮಾಡಿದೆಯೋ?"

"ದೇವರಾಣೆ ಅಣ್ಣ, ನಿನ್ನ ರಾಜಕುಮಾರನ್ನ ನಾನು ಮುಟ್ಟೇ ಇಲ್ಲ. ನಾನು ಕತ್ತರಿಸಿದ್ದು ನನ್ನ ಮದುಮಗನ ಕೈ."

ಹೇಳಿ ಮುಗಿಸುವ ಮೊದಲೇ ಅವನ ಮುಖ ಬಿಳಿಚಿಕೊಂಡಿತು.

ಹೊಲಿದು ಪ್ರಯೋಜನವಿರಲಿಲ್ಲ. ತೊಗಲಿನ ಹೊಲಿಗೆ ದೀಪದ ಮುಂದೆ ಎದ್ದು ಕಾಣುತ್ತದೆ. ತಮ್ಮ ಹೊಸ ತೊಗಲು ಹದಮಾಡಿದ. ಅಪ್ಪನ ಗೊಂಬೆಯನ್ನು ಅದರ ಮೇಲಿಟ್ಟು ಗೆರೆ ಎಳೆದು, ಎರಡೂ ಕೈ ಇರುವ ಇನ್ನೊಂದು ಗೊಂಬೆ ಕೊರೆದ. ಮದುಮಗ ಎಂದು ಕರೆದರೆ ಇನ್ನು ಬರುವುದು ಅದೇ. ಆದರೆ ಹೆಸರು ಹೊಸ ಗೊಂಬೆಗೆ ಹೋಯಿತೆಂದು ಹಳೆಯದಕ್ಕೆ ಕೈ ಚಿಗುರಲಿಲ್ಲ. ರಾಜಕುಮಾರ ಎಂದು ಕರೆದರೆ ಒಂಟಿ ಕೈಯವನೇ ಬರುತ್ತಿದ್ದ. ತಮ್ಮ ನಾಚಿಕೆಯಿಂದ ಕುಗ್ಗಿದ. ಇನ್ನೂ ಒಂದು ಕೊರೆದು ಅಣ್ಣನ ಕೈಗಿಟ್ಟ. ಅಣ್ಣ ಅದನ್ನು ರಾಜಕುಮಾರ ಎಂದು ಕರೆದ.

ಈಗ ಅಪ್ಪನ ಗೊಂಬೆಯನ್ನು ಯಾರೂ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ.

ಯಾರೂ ಕರೆಯದ ಗೊಂಬೆಗೆ ಪೆಟ್ಟಿಗೆಯಲ್ಲಿ ಜಾಗವಿಲ್ಲ, ಅದು ಆ ಮನೆಯ ಪದ್ಧತಿ. ಬಟ್ಟೆಯಲ್ಲಿ ಸುತ್ತಿ ಹೊಳೆಗೆ ಬಿಡಬೇಕು. ಬಿಡುವಾಗ ಕೊನೆಯ ಸಲ ಅದರ ಹೆಸರು ಕೂಗಬೇಕು. ಅಣ್ಣ ತಮ್ಮ ನೀರಿಗಿಳಿದರು. ತಾಯಿ ದಡದಲ್ಲಿ ನಿಂತಳು. ರಾಜಕುಮಾರ ಎನ್ನಲು ಅಣ್ಣ ಬಾಯಿ ತೆರೆದ. ರಾಜಕುಮಾರ ಪೆಟ್ಟಿಗೆಯಲ್ಲಿದ್ದ. ಮದುಮಗ ಎನ್ನಲು ತಮ್ಮ ಹೊರಟ. ಅವನೂ ಪೆಟ್ಟಿಗೆಯಲ್ಲಿದ್ದ. ಕೂಗಲು ಹೆಸರೇ ಸಿಗಲಿಲ್ಲ. ತಮ್ಮ ಅತ್ತುಬಿಟ್ಟ.

ಆಗ ತಾಯಿ ಕೇಳಿದಳು: "ಒಂದು ಕೈ ಸಾಕಾಗೋ ವೇಷ ನಿಮ್ಮ ಆಟದಲ್ಲಿ ಒಂದೂ ಇಲ್ವೇನಪ್ಪ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣನ ಆಟದಲ್ಲಿ ಕೋಟೆಯ ಬಾಗಿಲಿಗೆ ಒಬ್ಬ ಕಾವಲುಗಾರನಿದ್ದ. ಕಂದೀಲು ಹಿಡಿದು ನಿಲ್ಲುವುದಷ್ಟೇ ಅವನ ಕೆಲಸ. ಈವರೆಗೆ ಗೊಂಬೆಯಿಲ್ಲದೆ ಬರೀ ಮಾತಿನಲ್ಲಿ ಮುಗಿಸುತ್ತಿದ್ದರು. ಅಣ್ಣ ಗೊಂಬೆಯನ್ನು ಎದೆಗೊತ್ತಿಕೊಂಡು, ಬಾರೋ ಕಾವಲುಗಾರ ಎಂದು ದಡ ಹತ್ತಿದ. ಇಂದಿಗೂ ಆ ಮೇಳದ ಆಟ ಅವನಿಂದಲೇ ಶುರುವಾಗುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, ಹಾಗಾದರೆ ನನ್ನ ಎರಡನೆಯ ಕುದುರೆ ಇನ್ನೂ ಹುಟ್ಟಿಯೇ ಇಲ್ಲ ಎಂದ. ಗುರುಗಳು ತಲೆಯಾಡಿಸಿದರು. ಅವನ ಕುತೂಹಲ ಅಲ್ಲಿಗೆ ತಣಿಯಲಿಲ್ಲ.

"ರಾಜಕುಮಾರ, ಮದುಮಗ, ಕಾವಲುಗಾರ. ಇವುಗಳಲ್ಲಿ ಆ ಗೊಂಬೆಯ ನಿಜವಾದ ಹೆಸರು ಯಾವುದು ಗುರುಗಳೇ?"

"ತನ್ನ ಹೆಸರು ಯಾವುದೆಂದು ಆ ತೊಗಲಿಗೆ ಗೊತ್ತಿದ್ದರೆ, ಕೈ ಕತ್ತರಿಸುವಾಗಲೇ ಕೂಗಿ ಹೇಳುತ್ತಿತ್ತು" ಎಂದರು ಗುರುಗಳು.

ಶಿಷ್ಯ ಕಂಪ್ಯೂಟರಿನತ್ತ ತಿರುಗಿ, ಎರಡನೆಯ ಕುದುರೆಯನ್ನು ಮೊದಲಿನಿಂದ ಮಾಡತೊಡಗಿದ.