ಬಳೆಮೀನು

"ಗುರುಗಳೇ, ಹೋದವರನ್ನು ಅವರು ಇದ್ದ ಹಾಗೆಯೇ ಮನಸ್ಸಿನಲ್ಲಿ ಕಾಪಾಡಿಕೊಳ್ಳುವುದು ತಪ್ಪೇ?" ಎಂದು ಶಿಷ್ಯನೊಬ್ಬ ಕೇಳಿದ. ಅವನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಅವಳ ಕೋಣೆಯೊಳಗೆ ಮಕ್ಕಳನ್ನೂ ಅವನು ಬಿಡುತ್ತಿರಲಿಲ್ಲ.

ಗುರುಗಳು ಒಂದು ಕತೆ ಹೇಳತೊಡಗಿದರು.

ಕಡಲತೀರದ ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು. ಮನೆಯ ಆಳು ಒಂದು ದಿನ ಹವಳದ ಬಂಡೆಯ ಸಂದಿಯಿಂದ ಹೆಬ್ಬೆರಳಷ್ಟು ಮೀನೊಂದನ್ನು ಹಿಡಿದು ತಂದು ಅವಳಿಗೆ ಕೊಟ್ಟ. ಕಡುನೀಲಿ ಮೈ, ಅದರ ಮೇಲೆ ಒಂದರೊಳಗೊಂದು ಬಿಳಿಯ ಬಳೆಗಳು.

"ಅಪ್ಪಾ, ನನ್ನ ಕೈಗಿಂತ ಇದಕ್ಕೇ ಬಳೆ ಜಾಸ್ತಿ!" ಎಂದು ಹುಡುಗಿ ನಕ್ಕಳು. ಬಳೆಮೀನು ಎಂದು ಹೆಸರಿಟ್ಟಳು. ಅದನ್ನು ಕಲ್ಲುಬಾನಿಯಲ್ಲಿ ಬಿಟ್ಟರು. ಆಳು ದಿನವೂ ಕಡಲ ನೀರು ಹೊತ್ತು ತಂದು ತುಂಬುತ್ತಿದ್ದ.

ಆ ಮಳೆಗಾಲದಲ್ಲಿ ಮಗಳು ಜ್ವರ ಬಂದು ತೀರಿಹೋದಳು. ವರ್ತಕನಿಗೆ ಅನ್ನ ಸೇರದಾಯಿತು. ಬಾನಿಯ ಪಕ್ಕ ಕೂತಾಗ ಮಾತ್ರ ಅವಳ ನಗು ಕೇಳಿಸಿದಂತಾಗುತ್ತಿತ್ತು. ಅದರಿಂದಲೇ ಜೀವ ಹಿಡಿದುಕೊಂಡಿದ್ದ. ಆಮೇಲೆ ವ್ಯಾಪಾರಕ್ಕೆಂದು ಹಡಗು ಹತ್ತಬೇಕಾಗಿ ಬಂತು. "ಇದನ್ನು ನನ್ನ ಮಗಳೆಂದೇ ತಿಳಿದು ನೋಡಿಕೋ" ಎಂದು ಆಳಿಗೆ ಹೇಳಿ ಹೋದ.

ಎರಡು ವರ್ಷದ ಮೇಲೆ ಮರಳಿದವನು ಕಾಲೂ ತೊಳೆಯದೆ ಬಾನಿಗೆ ಬಗ್ಗಿದ. ಒಳಗೆ ಅಂಗೈಯಗಲದ ಮೀನು. ಮೈತುಂಬ ಹಳದಿ ಪಟ್ಟೆ. ಒಂದು ಬಳೆಯೂ ಇಲ್ಲ.

"ನನ್ನ ಮಗಳ ಮೀನೆಲ್ಲಿ?"

"ಇದೇ, ಒಡೆಯಾ. ದೊಡ್ಡದಾಯಿತು. ಈ ಜಾತಿಯೇ ಹಾಗೆ."

"ಸಾಯಿಸಿದ್ದಲ್ಲದೆ ಸುಳ್ಳು ಬೇರೆ! ಬೆಳೆದರೆ ಬೆಕ್ಕು ನಾಯಿಯಾಗುತ್ತದೇನೋ?"

"ಪುಟ್ಟಮ್ಮ ಇದ್ದಿದ್ದರೆ ಅವರೂ ಈಗ ಲಂಗ ಬಿಟ್ಟು ಸೀರೆ ಉಡುತ್ತಿದ್ದರಲ್ಲ, ಒಡೆಯಾ."

ಆ ಮಾತಿಗೆ ವರ್ತಕ ಕೆಂಡ ತುಳಿದವನಂತಾದ. ಆಳನ್ನು ಮನೆಯಿಂದ ಹೊರದೂಡಿದ. ಮೀನನ್ನು ಎತ್ತಿ ಕಾದ ಮರಳಿಗೆ ಎಸೆದ. ಅದು ನಾಲ್ಕಾರು ಸಲ ಬಾಯಿ ತೆರೆದು ಸುಮ್ಮನಾಯಿತು.

ಬೆಸ್ತನೊಬ್ಬನಿಂದ ಬಳೆಯಿರುವ ಮರಿಮೀನನ್ನು ತರಿಸಿ ಬಾನಿಗೆ ಬಿಟ್ಟ. ಮಗಳೇ ಬಂದಳು ಅಂದುಕೊಂಡ. ನೀರನ್ನು ಈಗ ತಾನೇ ಹೊರುತ್ತಿದ್ದ. ವರ್ಷ ತುಂಬುವ ಹೊತ್ತಿಗೆ ಒಂದು ಬೆಳಗ್ಗೆ, ಬಳೆಗಳ ನಡುವೆ ಕೂದಲೆಳೆಯಷ್ಟು ಹಳದಿ ಗೆರೆ ಕಂಡಿತು. ಮೀನನ್ನು ಬೊಗಸೆಯಲ್ಲಿ ಹಿಡಿದು ಬೆರಳಿನಿಂದ ಉಜ್ಜಿ ನೋಡಿದ.

ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ಮಗಳನ್ನು ಒಯ್ದದ್ದು ಜ್ವರ, ಮರಳಿನ ಮೇಲಿನ ಮೀನನ್ನು ಒಯ್ದದ್ದು ಯಾವುದಪ್ಪಾ?"