ಗೆಂಡೆ ಮೀನು ಮೈ ಉಜ್ಜಲು ಕಲಿತದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಆಗ ಮೀನುಗಳೆಲ್ಲ ಹೊಳೆಯಲ್ಲೇ ಇದ್ದವು. ಮೀನಿಗೂ ಮಾತಿತ್ತು, ಹೊಳೆಗೂ ಮಾತಿತ್ತು.

ಹೊಳೆಯ ದಂಡೆಯಲ್ಲಿ ಜವರ, ಕೆಂಚಿ ಎಂಬ ಗಂಡಹೆಂಡಿರಿದ್ದರು. ಜವರ ಮೀನು ಹಿಡಿದು ತರುತ್ತಿದ್ದ. ಅದರಿಂದಲೇ ಅವರ ಬದುಕು. ಒಂದು ಮಳೆಗಾಲ ತೆಪ್ಪ ಮಗುಚಿ ಜವರನ ಕಾಲು ಬಂಡೆಗಳ ನಡುವೆ ಸಿಕ್ಕಿ ಮುರಿಯಿತು. ಮೂಳೆಯೇನೋ ಕೂಡಿತು, ಸೆಳವಿನಲ್ಲಿ ನಿಲ್ಲುವ ಬಲ ಮಾತ್ರ ಕಾಲಿಗೆ ಮತ್ತೆ ಬರಲಿಲ್ಲ.

ಕೆಂಚಿ ಮನೆಯ ಹಿಂದೆ ದೊಡ್ಡ ಗುಂಡಿ ತೋಡಿದಳು. ನೆಲದ ಊಟೆ ಬಂದು ನೀರು ತುಂಬಿತು. ಅದೇ ಮೊದಲ ಕೊಳ. ಆಮೇಲೆ ಹೊಳೆಯ ಹತ್ತಿರ ಹೋದಳು.

“ಹೊಳೆಯವ್ವ, ನನ್ನ ಗಂಡ ಇನ್ನು ನಿನ್ನಲ್ಲಿ ಇಳಿಯಲಾರ. ನಿನ್ನ ಮಕ್ಕಳಲ್ಲಿ ಕೆಲವರನ್ನು ಕೊಡು. ಸಾಕಿಕೊಳ್ತೀನಿ.”

“ಗೆಂಡೆ ಮರಿಗಳನ್ನು ಕರೆದುಕೊಂಡು ಹೋಗು,” ಎಂದಿತು ಹೊಳೆ. “ಆದರೆ ನಾನು ಹರಿಯುವವಳು. ನನ್ನಲ್ಲಿ ಯಾವುದೂ ಯಾರಿಗೂ ಅಂಟಿಕೊಂಡು ಉಳಿಯುವುದಿಲ್ಲ. ನಿನ್ನದು ನಿಂತ ನೀರು. ಅಲ್ಲಿ ಮೀನು ಕಿಕ್ಕಿರಿಯಬಾರದು.”

ಕೆಂಚಿ ಒಪ್ಪಿದಳು. ತೌಡು ತಿಂದು ಗೆಂಡೆಗಳು ಬೆಳೆದವು. ಊರವರು ಬಂದು ಬಂದು ಮೀನು ಕೇಳತೊಡಗಿದರು. ಕೆಂಚಿ ಇನ್ನೊಂದು ಬುಟ್ಟಿ ಮರಿ ತಂದಳು, ಮತ್ತೊಂದು ಬುಟ್ಟಿ ತಂದಳು.

“ಸಾಕು ಕಣೆ,” ಎಂದ ಜವರ. “ನೀರಿಗಿಂತ ಮೀನೇ ಹೆಚ್ಚಾಯ್ತು.”

“ಇದೊಂದು ಬುಟ್ಟಿ ಅಷ್ಟೆ.”

ಆ ಬುಟ್ಟಿಯಲ್ಲಿ ಹೇನೂ ಬಂತು. ಆಗ ಮೀನಿನ ಹೇನು ರಾಗಿ ಕಾಳಿನಂತೆ ಗುಂಡಗಿತ್ತು. ಹೊಳೆಯಲ್ಲಿ ಅದು ಯಾರನ್ನು ಹಿಡಿದರೂ ಸೆಳವು ಕಿತ್ತು ಒಯ್ಯುತ್ತಿತ್ತು. ಕೊಳದಲ್ಲಿ ಕೀಳುವವರಿರಲಿಲ್ಲ.

“ಅಕ್ಕಾ, ಹುಟ್ಟಿದಾಗಿನಿಂದ ತೇಲಿದ್ದೇ ಆಯಿತು,” ಎಂದಿತು ಅದು ಒಂದು ಗೆಂಡೆಗೆ. “ಸುಧಾರಿಸಿಕೊಳ್ಳುವಷ್ಟು ಹೊತ್ತು ನಿನ್ನ ಬೆನ್ನ ಮೇಲೆ ಕೂರಲೇ?”

“ಕೂರು,” ಎಂದಿತು ಗೆಂಡೆ.

ಹೇನು ಕೂತಿತು. ಮತ್ತೆ ಏಳಲಿಲ್ಲ. ಸೂಜಿಯಂಥ ಮೂತಿ ಚುಚ್ಚಿ ನೆತ್ತರು ಹೀರಿತು. ಮೀನಿಗೆ ಮೀನು ತಾಗುತ್ತಿದ್ದ ಕೊಳದಲ್ಲಿ ಅದರ ಮರಿಗಳಿಗೆ ಈಜುವ ಕಷ್ಟವೂ ಇರಲಿಲ್ಲ. ಒಂದರಿಂದ ಒಂದಕ್ಕೆ ದಾಟಿದವು.

ಗೆಂಡೆಗಳ ಮೈಮೇಲೆ ಕೆಂಪು ಚುಕ್ಕೆ ಎದ್ದವು. ಹಾಕಿದ ತೌಡು ಹಾಗೇ ತೇಲಿತು. ಕೆಲವು ಮೀನು ಸತ್ತು ದಡಕ್ಕೆ ಬಂದವು.

“ಯಾಕೆ ಉಣ್ಣಲ್ಲ?” ಎಂದು ಕೆಂಚಿ ಕೇಳಿದಳು.

“ಮೈಯೆಲ್ಲ ನವೆ ಅವ್ವ. ಕೆರೆದುಕೊಳ್ಳೋಣ ಅಂದರೆ ನಮಗೆ ಕೈಯಿಲ್ಲ.”

ಕೆಂಚಿ ಉಗುರಿನಿಂದ ಹೇನು ಕಿತ್ತಳು. ಒಂದನ್ನು ಕೀಳುವಷ್ಟರಲ್ಲಿ ಹತ್ತಾರು ಹತ್ತಿರುತ್ತಿದ್ದವು.

“ಹೊಳೆಯಲ್ಲಿ ಇವಕ್ಕೆ ಕೈಯಿತ್ತಾ?” ಎಂದ ಜವರ ದಡದಲ್ಲಿ ಕೂತು. “ಹೋಗಿ ಹೊಳೆಯನ್ನೇ ಕೇಳು.”

ಕೆಂಚಿ ತಲೆ ತಗ್ಗಿಸಿಕೊಂಡು ಹೋದಳು. ಹೊಳೆ ಬೈಯಲಿಲ್ಲ. “ಹೆಚ್ಚಾದವರನ್ನು ನನಗೆ ಬಿಡು, ನನ್ನ ಸೆಳವು ನೋಡಿಕೊಳ್ಳುತ್ತದೆ. ನಾನು ನಿನ್ನ ಗುಂಡಿಗೆ ಹತ್ತಿ ಬರಲಾರೆ. ಉಳಿದವರಿಗೆ ಮೈ ತಿಕ್ಕಲು ಏನಾದರೂ ಕೊಡು.”

ಕೆಂಚಿ ಬುಟ್ಟಿ ಬುಟ್ಟಿ ಮೀನನ್ನು ಹೊಳೆಗೆ ಬಿಟ್ಟಳು. ಊರವರು ಬರಿಗೈಲಿ ಹಿಂದಿರುಗಿದರು. ಜವರ ಬಿದಿರು ಕಡಿದುಕೊಟ್ಟ. ಕೆಂಚಿ ಸೊಂಟದುದ್ದ ನೀರಿಗಿಳಿದು ಗಳಗಳನ್ನು ನೆಟ್ಟಳು.

ಅದೇತಕ್ಕೆಂದು ಗೆಂಡೆಗಳಿಗೆ ತಿಳಿಯಲಿಲ್ಲ. ಕೆಂಚಿ ಒಂದನ್ನು ಮೆಲ್ಲಗೆ ಹಿಡಿದು, ವಾರೆ ಮಾಡಿ, ಅದರ ಪಕ್ಕೆಯನ್ನು ಬಿದಿರಿಗೆ ಉಜ್ಜಿದಳು. ಹೇನು ಕಳಚಿ ಬಿತ್ತು. ಉಳಿದ ಗೆಂಡೆಗಳು ನೋಡಿ ಕಲಿತವು.

ಹೇನೂ ಕಲಿಯಿತು. ಉಜ್ಜಿದಾಗ ಸಿಗಬಾರದೆಂದು ಮೈಯನ್ನು ಬೇಳೆಯ ಸಿಪ್ಪೆಯಷ್ಟು ಚಪ್ಪಟೆ ಮಾಡಿಕೊಂಡಿತು, ನೀರಿನ ಬಣ್ಣ ಹೊದ್ದಿತು. ಮೊಟ್ಟೆಗಳನ್ನು ಆ ಗಳಗಳಿಗೇ ಅಂಟಿಸಿತು. ಕೆಂಚಿ ಅದನ್ನು ಕಂಡು ಗಳ ಕಿತ್ತು ಬಿಸಿಲಿಗೆ ಒಣಗಿಸಿದಳು, ಮತ್ತೆ ನೆಟ್ಟಳು. ಹೇನು ಪೂರ್ತಿ ಹೋಗಲಿಲ್ಲ. ಆದರೂ ಗೆಂಡೆಗಳು ಮತ್ತೆ ತೌಡು ತಿಂದವು.

ಅದಕ್ಕೇ ಮಗು, ಇಂದಿಗೂ ಮೀನು ಸಾಕುವ ಕೊಳದ ದಡದಲ್ಲಿ ಸುಮ್ಮನೆ ಕೂತರೆ, ಗೆಂಡೆಯೊಂದು ಇದ್ದಕ್ಕಿದ್ದಂತೆ ವಾರೆಯಾಗಿ ಬಿದಿರ ಗಳಕ್ಕೆ ಮೈ ಉಜ್ಜುವುದೂ, ಅದರ ಬಿಳಿ ಪಕ್ಕೆ ಒಮ್ಮೆ ಫಳಕ್ಕೆಂದು ಮರೆಯಾಗುವುದೂ ನಿನಗೆ ಕಾಣುತ್ತದೆ.